ಮಾಸುವುದು ಕಪ್ಪಲ್ಲ, ಅದರೊಳಗಿನ ಬಣ್ಣ

ನಮ್ಮ ವಿಜಯಪುರದ ಕಡೆ ಹಿರಿಯರ ಫೋಟೊ ಇರುವುದು ಪಡಸಾಲೆಯ ಗೋಡೆಯ ಮೇಲೆ, ಬಾಗಿಲಿನಿಂದ ಬರುವ ಬಿಸಿಲಿನ ಎದುರಿಗೇ. ನಾನು ಮುದ್ರಿಸಿಕೊಟ್ಟಿದ್ದ ಒಬ್ಬ ಅಜ್ಜನ ಕಪ್ಪು-ಬಿಳುಪು ಚಿತ್ರ ಹಸಿರು ತಿರುಗಿ ಮರಳಿ ಬಂದ ದಿನ ನನಗೆ ನಿದ್ದೆ ಬರಲಿಲ್ಲ. ಯಾವ ಶಾಯಿ ಬಿಸಿಲಿಗೆ ಮಾಸದೆ ನಿಲ್ಲುತ್ತದೆ ಎಂದು ಅಂದೇ ಪರೀಕ್ಷೆಗೆ ಇಳಿದೆ.

ಗೋಳಗುಮ್ಮಟದ ಒಂದೇ ಕಪ್ಪು-ಬಿಳುಪು ಚಿತ್ರವನ್ನು ಒಂದೇ ಬಗೆಯ ಹತ್ತಿಯ ಕಾಗದದ ಮೇಲೆ ನಾಲ್ಕು ವಿಧದಲ್ಲಿ ಮುದ್ರಿಸಿ, ಅರ್ಧ ಭಾಗಕ್ಕೆ ಕಪ್ಪು ರಟ್ಟು ಮುಚ್ಚಿ, ದಕ್ಷಿಣದ ಕಿಟಕಿಗೆ ಅಂಟಿಸಿದೆ. ಯುಗಾದಿಯಿಂದ ಯುಗಾದಿಗೆ ಒಂದು ವರ್ಷ.

ಡೈ ಶಾಯಿಯ ಮೊದಲ ಪಟ್ಟಿ ಮಳೆಗಾಲದವರೆಗೂ ತಾಳಲಿಲ್ಲ. ಆ ಶಾಯಿ ನೀರಿನಲ್ಲಿ ಪೂರ್ತಿ ಕರಗಿದ ಬಣ್ಣ. ಒಂದೊಂದು ಅಣುವೂ ಬೆಳಕಿಗೆ ಬಯಲಾಗಿರುತ್ತದೆ. ಬೂದು ಮಾಡಲು ಬೆರೆತಿದ್ದ ಬಣ್ಣಗಳಲ್ಲಿ ಮೆಜೆಂಟಾ ಎಂಬ ನೇರಳೆಗೆಂಪು ಮೊದಲು ಹೋಯಿತು, ಗುಮ್ಮಟ ಹಸಿರಾಯಿತು. ಆಲ್ಬಮ್ಮಿನೊಳಗೆ ಇಡುವುದಾದರೆ ಸರಿ, ಗೋಡೆಗೆ ಬೇಡ.

ಪಿಗ್ಮೆಂಟ್ ಎಂಬ ಇನ್ನೊಂದು ಬಗೆಯ ಶಾಯಿಯಲ್ಲಿ ಬಣ್ಣ ಕರಗುವುದಿಲ್ಲ, ಕಣವಾಗಿಯೇ ಉಳಿಯುತ್ತದೆ. ಹೊರಗಿನ ಅಣುಗಳು ಪೆಟ್ಟು ತಿಂದರೂ ಒಳಗಿನವು ಉಳಿಯುತ್ತವೆ. ಆದರೆ ಪಿಗ್ಮೆಂಟ್ ಎಂದ ಮಾತ್ರಕ್ಕೆ ನೆಮ್ಮದಿಯಿಲ್ಲ. ಬಣ್ಣದ ಶಾಯಿಗಳನ್ನು ಬೆರೆಸಿ ಬೂದು ಮಾಡಿದ ಎರಡನೆಯ ಪಟ್ಟಿಯಲ್ಲಿ ಹಳದಿ ಸೋತು, ನಡುಛಾಯೆಗಳು ನೀಲಿಗೆ ವಾಲಿದವು. ಕಪ್ಪು, ತಿಳಿಗಪ್ಪು, ಇನ್ನೂ ತಿಳಿಯಾದ ಕಪ್ಪು ಹೀಗೆ ಮೂರು ಕಪ್ಪುಗಳಿರುವ ಪ್ರಿಂಟರಿನ ಕಪ್ಪು-ಬಿಳುಪು ವಿಧಾನದಲ್ಲಿ ತೆಗೆದ ಮೂರನೆಯದು ಬಹಳ ಮೇಲು. ಅಲ್ಲಿ ಬಣ್ಣದ ಪಾಲು ಚಿಟಿಕೆಯಷ್ಟೇ. ರಟ್ಟು ಸರಿಸಿ ಪಕ್ಕಪಕ್ಕ ನೋಡಿದಾಗ ಮಾತ್ರ ವ್ಯತ್ಯಾಸ ಕಂಡಿತು.

ನಾಲ್ಕನೆಯದು ಬರೀ ಇಂಗಾಲ, ಅಂದರೆ ಕಾಡಿಗೆಯಂಥ ಕಪ್ಪು ಕಣಗಳ ಶಾಯಿ. ರಟ್ಟು ತೆಗೆದಾಗ ಗೆರೆ ಎಲ್ಲಿತ್ತು ಎಂದು ಹುಡುಕಬೇಕಾಯಿತು! ಕನ್ನಡದಲ್ಲಿ ದೀಪದ ಕಾಡಿಗೆಗೂ ಬರೆಯುವ ಶಾಯಿಗೂ ಮಸಿ ಎಂಬ ಒಂದೇ ಮಾತು ಇರುವುದು ಸುಮ್ಮನೆ ಅಲ್ಲ. ಓಲೆಗರಿಯಲ್ಲಿ ಕೊರೆದ ಅಕ್ಷರಗಳಿಗೆ ತಿಕ್ಕುತ್ತಿದ್ದುದೂ ಇದೇ ಕಾಡಿಗೆ. ಶತಮಾನಗಳಾದರೂ ಓದಲು ಬರುತ್ತದೆ.

ಇಂಗಾಲಕ್ಕೂ ಕಾಟಗಳಿವೆ. ಅದರ ತಿಳಿಛಾಯೆ ಕಂದು ಬಣ್ಣಕ್ಕೆ ವಾಲುತ್ತದೆ. ಅದನ್ನು ಸರಿಪಡಿಸಲು ನೀಲಿ ಬೆರೆಸಿದರೆ ಮಾಸುವ ಬಣ್ಣವನ್ನು ನಾವೇ ಒಳಗೆ ಕರೆದಂತೆ. ಮಸಿ ಡಬ್ಬಿಯ ತಳಕ್ಕೆ ಇಳಿಯುತ್ತದೆ, ಅಲುಗಾಡಿಸುತ್ತಿರಬೇಕು. ನಮ್ಮ ಒಣ ಬೇಸಿಗೆಯಲ್ಲಿ ವಾರಕ್ಕೊಮ್ಮೆಯಾದರೂ ಒಂದು ಹಾಳೆ ತೆಗೆಯದಿದ್ದರೆ ಪ್ರಿಂಟರಿನ ಸಣ್ಣ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಮುದ್ರಿಸಿದ ಮೇಲೆ ಬೆರಳು ತಗುಲಿದರೂ ಗೀರು ಬೀಳುತ್ತದೆ, ಗಾಜು ಬೇಕೇ ಬೇಕು.

ಇದೇ ಮಸಿಯನ್ನು ಅಂಗಡಿಯ ಹಾಲಿನಂಥ ಬಿಳಿ ಕಾಗದದ ಮೇಲೂ ಪರೀಕ್ಷಿಸಿದೆ. ಮಸಿ ಹಾಗೇ ಇತ್ತು, ಕಾಗದ ಹಳದಿಯಾಯಿತು. ಆ ಬಿಳುಪು ಬರುವುದು ಹೊಳಪುಕಾರಕ ರಾಸಾಯನಿಕದಿಂದ. ಬಿಸಿಲಿಗೆ ಅದು ಸಾಯುತ್ತದೆ. ಶಾಯಿಗೆ ಹಣ ಸುರಿದು ಕಾಗದದಲ್ಲಿ ಉಳಿಸಲು ಹೋಗಬೇಡಿ.

ಆ ಅಜ್ಜನ ಚಿತ್ರವನ್ನು ಇಂಗಾಲದಲ್ಲೇ ಮತ್ತೆ ಮುದ್ರಿಸಿದೆ. ರುಮಾಲು ಕೊಂಚ ಕೆನೆಬಣ್ಣಕ್ಕೆ ಬಂದಿದೆಯಲ್ಲ ಎಂದು ಮನೆಯವರು ಅನುಮಾನಿಸಿದರು. ಕಿಟಕಿಯ ನಾಲ್ಕು ಪಟ್ಟಿಗಳನ್ನು ತೋರಿಸಿದ ಮೇಲೆ ಅದನ್ನೇ ಒಯ್ದರು.