7500: ಮುಚ್ಚಿದ ಬಾಗಿಲಿನ ಸಿನಿಮಾ

ವಿಮಾನದ ಟ್ರಾನ್ಸ್‌ಪಾಂಡರ್‌ನಲ್ಲಿ (ವಿಮಾನದ ಗುರುತನ್ನು ರಾಡಾರ್‌ಗೆ ಕಳಿಸುವ ಉಪಕರಣ) ಪೈಲಟ್ ತಿರುಗಿಸುವ ನಾಲ್ಕಂಕಿಯ ಕೋಡುಗಳಲ್ಲಿ ಮೂರು ಎಲ್ಲ ದೇಶಗಳಿಗೂ ಒಂದೇ. 7700 ಅಂದರೆ ತುರ್ತು ಪರಿಸ್ಥಿತಿ, 7600 ಅಂದರೆ ರೇಡಿಯೋ ಕೆಟ್ಟಿದೆ, 7500 ಅಂದರೆ ಅಪಹರಣ. ಒಂದು ಮಾತೂ ಆಡದೆ ಕೆಳಗಿನ ರಾಡಾರ್ ಪರದೆಗೆ ಸುದ್ದಿ ಮುಟ್ಟುತ್ತದೆ. ಪ್ಯಾಟ್ರಿಕ್ ಫೋಲ್‌ರಾತ್ ನಿರ್ದೇಶಿಸಿದ 2019ರ ಈ ಚಿತ್ರದ ಹೆಸರು ಬಂದದ್ದು ಅಲ್ಲಿಂದ.

ಬರ್ಲಿನ್‌ನಿಂದ ಪ್ಯಾರಿಸ್‌ಗೆ ಹೊರಟ ಏರ್‌ಬಸ್ ಎ319. ಆರಂಭದಲ್ಲಿ ವಿಮಾನ ನಿಲ್ದಾಣದ ಸಿಸಿಟಿವಿಯ ಮೂಕ ದೃಶ್ಯಗಳು. ಆಮೇಲೆ ಕ್ಯಾಮೆರಾ ಕಾಕ್‌ಪಿಟ್ ಹೊಕ್ಕರೆ ಅಲ್ಲೇ ಠಿಕಾಣಿ. ಸುಮಾರು ಒಂದೂವರೆ ಗಂಟೆಯ ಚಿತ್ರದಲ್ಲಿ ಪ್ರಯಾಣಿಕರ ಸಾಲುಗಳು ನಮಗೆ ಕಾಣುವುದೇ ಇಲ್ಲ ಎನ್ನಬಹುದು. ಬಾಗಿಲಾಚೆ ಏನಾಗುತ್ತಿದೆ ಅಂತ ತಿಳಿಯಲು ಸಹ ಪೈಲಟ್ ಟೋಬಿಯಸ್‌ಗೆ (ಜೋಸೆಫ್ ಗಾರ್ಡನ್ ಲೆವಿಟ್) ಇರುವುದು ಒಂದು ಪುಟ್ಟ ಮಾನಿಟರ್. ಬಾಗಿಲಿಗೆ ಮುಖ ಒತ್ತಿ ಬಡಿಯುವವನು, ಅವನ ಹಿಂದೆ ಕುತ್ತಿಗೆಗೆ ಗಾಜಿನ ಚೂರು ಹಿಡಿಸಿಕೊಂಡು ನಿಂತವರು, ಎಲ್ಲವೂ ಅದರಲ್ಲೇ. ಅಂಗೈಯಗಲದ ಆ ಚಿತ್ರ ಹುಟ್ಟಿಸುವ ಹೆದರಿಕೆಯನ್ನು ದೊಡ್ಡ ಪರದೆಯ ಸ್ಫೋಟಗಳು ಹುಟ್ಟಿಸಲಾರವು.

ಮೊದಲ ಭಾಗ ನಿಧಾನ ಅಂತ ಗೊಣಗುವವರಿದ್ದಾರೆ. ಅದೇ ಚಿತ್ರದ ಜೀವಾಳ. ಚೆಕ್‌ಲಿಸ್ಟ್ ಓದುವುದು, ಅಂಕಿ ತುಂಬುವುದು, ಟವರ್ ಜೊತೆಗಿನ ಒಣ ಮಾತು, ಎಲ್ಲದರಲ್ಲೂ ಕೈ ಪಳಗಿದವರ ಸಲೀಸು ಕಾಣುತ್ತದೆ. ಕ್ಯಾಪ್ಟನ್ ಪಾತ್ರದ ಕಾರ್ಲೋ ಕಿಟ್ಸ್‌ಲಿಂಗರ್ ನಿಜಕ್ಕೂ ಪೈಲಟ್ ಆಗಿದ್ದವರು. ಸ್ವಿಚ್ ಒತ್ತುವಾಗ ಅವರ ಬೆರಳು ತಡಕಾಡುವುದಿಲ್ಲ. ಹಿನ್ನೆಲೆ ಸಂಗೀತವೂ ಇಲ್ಲ. ಎಂಜಿನ್ ಮೊರೆತ, ಎಚ್ಚರಿಕೆಯ ಬೀಪ್, ಬಾಗಿಲ ಮೇಲಿನ ಗುದ್ದು, ಇಷ್ಟೇ.

ಇನ್ನು ಆ ಬಾಗಿಲು. 2001ರ ಸೆಪ್ಟೆಂಬರ್ ದಾಳಿಯ ನಂತರವೇ ಗುಂಡಿಗೂ ಬಗ್ಗದ ಕಾಕ್‌ಪಿಟ್ ಬಾಗಿಲುಗಳು ಕಡ್ಡಾಯವಾದದ್ದು. 1999ರಲ್ಲಿ ಅಪಹರಿಸಿ ಕಂದಹಾರಕ್ಕೆ ಒಯ್ದ ಇಂಡಿಯನ್ ಏರ್‌ಲೈನ್ಸ್‌ನ ಐಸಿ 814 ವಿಮಾನದಲ್ಲಿ ಅಂಥದ್ದಿರಲಿಲ್ಲ. ಆದರೆ ಊಟ, ಶೌಚ ಅಂತ ಹಾರಾಟದ ನಡುವೆ ಅದನ್ನು ತೆರೆಯಲೇಬೇಕು, ದುರ್ಬಲ ಗಳಿಗೆ ಅದೇ. ಚಿತ್ರದ ಅಪಹರಣಕಾರರು ನುಗ್ಗುವುದೂ ಆಗಲೇ. ಮತ್ತೆ ಮುಚ್ಚಿದ ಮೇಲೆ ಆಚೆ ಒಬ್ಬೊಬ್ಬರನ್ನೇ ಕೊಂದರೂ ತೆರೆಯಕೂಡದು ಎಂಬುದು ನಿಯಮ. ಟೋಬಿಯಸ್‌ನ ಮಗುವಿನ ತಾಯಿ ಅದೇ ವಿಮಾನದ ಗಗನಸಖಿ ಎಂಬುದನ್ನು ನೆನಪಿಟ್ಟುಕೊಂಡು ನೋಡಿ. ಸಹ ಪೈಲಟ್ ಬೇಕೆಂದೇ ವಿಮಾನ ಬೀಳಿಸಿದ 2015ರ ಜರ್ಮನ್‌ವಿಂಗ್ಸ್ ದುರಂತದಲ್ಲಿ ಇಂಥದೇ ಬಾಗಿಲು ಕ್ಯಾಪ್ಟನ್‌ನನ್ನೇ ಹೊರಗಿಟ್ಟಿತ್ತು. 150 ಜನ ಸತ್ತರು.

ಚಿತ್ರ ಎಡವುವುದು ದ್ವಿತೀಯಾರ್ಧದಲ್ಲಿ. ಅಪಹರಣಕಾರರು ಎಲ್ಲೋ ನೋಡಿದ ಅಚ್ಚಿನ ಮುಸ್ಲಿಂ ಉಗ್ರರು. ಹದಿನೆಂಟರ ವೇದಾತ್ (ಒಮಿದ್ ಮೆಮಾರ್) ಒಬ್ಬನಿಗೆ ಮಾತ್ರ ಅಳು, ನಡುಕ, ಮನೆಯ ನೆನಪು ಕೊಟ್ಟಿದ್ದಾರೆ. ಹುಡುಗ ಚೆನ್ನಾಗಿ ಮಾಡಿದ್ದಾನೆ, ಆದರೆ ಈ ಗುಂಪಿಗೆ ಅವನು ಯಾಕೆ ಸೇರಿದ ಎಂಬುದಕ್ಕೆ ಬರವಣಿಗೆಯಲ್ಲಿ ಉತ್ತರ ತೆಳು. ಕೊನೆಯ ಅರ್ಧ ಗಂಟೆಯ ಮಾತುಕತೆ ಹತ್ತು ನಿಮಿಷ ಕತ್ತರಿ ಬೇಡುತ್ತದೆ.

2020ರಲ್ಲಿ ಪ್ರೈಮ್ ವಿಡಿಯೋದಲ್ಲಿ ಬಂದ ಚಿತ್ರ. ಇಂಗ್ಲಿಷ್ ನಡುವೆ ಜರ್ಮನ್ ಮಾತೂ ಬರುವುದರಿಂದ ಸಬ್‌ಟೈಟಲ್ ಹಾಕಿಕೊಳ್ಳಿ. ಇರಿತದ ದೃಶ್ಯಗಳಿವೆ, ಮಕ್ಕಳನ್ನು ಕೂರಿಸಬೇಡಿ. ಟಿವಿ ಸ್ಪೀಕರ್‌ಗಿಂತ ಇಯರ್‌ಫೋನ್ ಮೇಲು: ಗುದ್ದು ನಿಂತಾಗಿನ ಮೌನ ಅದರಲ್ಲಿ ಸರಿಯಾಗಿ ಕೇಳಿಸುತ್ತದೆ.