ಬೆಳಿಗ್ಗೆ ಆರರಿಂದ ಏಳೂವರೆ: ಗೀಸರ್, ಫಿಲ್ಟರ್, ಗ್ರೈಂಡರ್ ಬದಲಿಸಿ ನೋಡಿದ ಲೆಕ್ಕ

ಮಗಳ ಸ್ಕೂಲ್ ವ್ಯಾನ್ 7.40ಕ್ಕೆ ಬರುತ್ತದೆ. ನನ್ನ ಆಫೀಸ್ ಬಸ್ಸು 8.10ಕ್ಕೆ. ಅಷ್ಟರೊಳಗೆ ನಾಲ್ಕು ಜನರ ಸ್ನಾನ, ತಿಂಡಿ, ಮೂರು ಡಬ್ಬಿ ಊಟ, ಅತ್ತೆಯವರ ಎರಡು ಸಲದ ಕಾಫಿ ಎಲ್ಲ ಮುಗಿಯಬೇಕು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಇದೇ ಕಥೆ ಅಲ್ವಾ? ಕಳೆದ ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಒಂದು ತಿಂಗಳು ನಾನು ತಿಂಡಿ ತಿಂದದ್ದೆಲ್ಲ ಬಸ್ಸಿನಲ್ಲಿ. ಹೀಗಾದರೆ ಆಗುವುದಿಲ್ಲ ಅನಿಸಿತು. ಅಡುಗೆಮನೆಯ ಕ್ಯಾಲೆಂಡರ್ ಹಿಂದೆ ಲೆಕ್ಕ ಬರೆಯಲು ಶುರು ಮಾಡಿದೆ.

ಲೆಕ್ಕ ಹಾಕಿದ ರೀತಿ ಮೊದಲು ಹೇಳಿಬಿಡುತ್ತೇನೆ. ಒಂದು ಕೆಲಸಕ್ಕೆ ಒಟ್ಟು ಎಷ್ಟು ಹೊತ್ತು ಹಿಡಿಯಿತು ಅಂತ ನಾನು ನೋಡಲಿಲ್ಲ. ಆರರಿಂದ ಏಳೂವರೆಯ ಒಳಗೆ ಆ ಕೆಲಸಕ್ಕಾಗಿ ನಾನು ಎಷ್ಟು ನಿಮಿಷ ಅಲ್ಲೇ ನಿಂತಿರಬೇಕಾಯಿತು ಅಂತ ನೋಡಿದೆ. ಅರ್ಧ ಗಂಟೆ ತಾನಾಗಿ ನಡೆಯುವ ಕೆಲಸದಿಂದ ನನಗೇನೂ ತೊಂದರೆ ಇಲ್ಲ. ಐದೇ ನಿಮಿಷದ್ದಾದರೂ ಕೈ ಬಿಡಲು ಆಗದ ಕೆಲಸವೇ ಕಷ್ಟ.

ಸ್ನಾನದ ನೀರು

ನಮ್ಮ ಬಚ್ಚಲಲ್ಲಿ ಮೊದಲು ಇದ್ದದ್ದು 3 ಲೀಟರಿನ ಇನ್‌ಸ್ಟಂಟ್ ಗೀಸರ್, 3 ಕಿಲೋವ್ಯಾಟ್‌ನದ್ದು. ಸ್ವಿಚ್ ಹಾಕಿದ ತಕ್ಷಣ ಬಿಸಿನೀರು ಬರುತ್ತದೆ, ಅದಕ್ಕಿಂತ ಬೇಗ ಇನ್ನೇನು ಬೇಕು ಅಂತ ತಂದಿದ್ದೆವು. ಒಳಗಿರುವ 3 ಲೀಟರ್ ಬೇಗ ಬರುತ್ತದೆ, ನಿಜ. ಆಮೇಲೆ ನಲ್ಲಿಯನ್ನು ಸಣ್ಣಗೆ ಬಿಡಬೇಕು. ಜಾಸ್ತಿ ತಿರುಗಿಸಿದರೆ ಉಗುರುಬೆಚ್ಚಗಿನ ನೀರು. 20 ಡಿಗ್ರಿ ತಣ್ಣೀರನ್ನು 40 ಡಿಗ್ರಿಗೆ ಏರಿಸಬೇಕೆಂದರೆ 3 ಕಿಲೋವ್ಯಾಟ್‌ಗೆ ನಿಮಿಷಕ್ಕೆ ಎರಡು ಲೀಟರ್ ಚಿಲ್ಲರೆ ಮಾತ್ರ ಸಾಧ್ಯ. ಅಂದರೆ 15 ಲೀಟರ್ ಬಕೆಟ್ ತುಂಬಲು ಸುಮಾರು 7 ನಿಮಿಷ. ನಾಲ್ಕು ಜನಕ್ಕೆ 28 ನಿಮಿಷ. ಒಂದು ಬಕೆಟ್ ತುಂಬುವವರೆಗೆ ಇನ್ನೊಬ್ಬರು ಟವೆಲ್ ಹಿಡಿದು ಬಾಗಿಲ ಹೊರಗೆ ಕಾಯಬೇಕು.

ಅದರ ಜಾಗಕ್ಕೆ ತಂದದ್ದು 25 ಲೀಟರಿನ ಸ್ಟೋರೇಜ್ ಗೀಸರ್, 2 ಕಿಲೋವ್ಯಾಟ್. ಕಾಗದದ ಮೇಲೆ ನೋಡಿದರೆ ಇದು ನಿಧಾನ. 20ರಿಂದ 60 ಡಿಗ್ರಿಗೆ ಕಾಯಲು 35 ನಿಮಿಷ ಬೇಕು. ಆದರೆ ಆ 35 ನಿಮಿಷ ನಾವು ಮಲಗಿರುವಾಗಲೇ ಕಳೆಯುತ್ತದೆ. ಯಜಮಾನರು ಅದಕ್ಕೊಂದು 16 ಆಂಪ್ ಟೈಮರ್ ಸಾಕೆಟ್ ಹಾಕಿದ್ದಾರೆ. 5.20ಕ್ಕೆ ತಾನೇ ಆನ್, 7ಕ್ಕೆ ತಾನೇ ಆಫ್. 60 ಡಿಗ್ರಿ ನೀರಿಗೆ ಅಷ್ಟೇ ತಣ್ಣೀರು ಬೆರೆಸಿದರೆ ಮೂರು ಬಕೆಟ್ ಆಗುತ್ತದೆ, ನಾಲ್ಕನೆಯವರ ಹೊತ್ತಿಗೆ ಮತ್ತೆ ಕಾದಿರುತ್ತದೆ. ಬಕೆಟ್ ತುಂಬಲು ಎರಡು ನಿಮಿಷ ಸಾಕು. ಸಾಕೆಟ್ ಕೊಳ್ಳುವವರು 16 ಆಂಪ್‌ನದ್ದೇ ಕೊಳ್ಳಿ. 6 ಆಂಪ್‌ನದ್ದು ಗೀಸರ್ ತಡೆಯುವುದಿಲ್ಲ, ಬಿಸಿಯಾಗಿ ಸುಟ್ಟು ಹೋಗುತ್ತದೆ.

ಇದಕ್ಕೆ ಮುಂಚೆ ಬಾಡಿಗೆಗಿದ್ದ ಮನೆಯಲ್ಲಿ ಸೋಲಾರ್ ಇತ್ತು. ಕರೆಂಟ್ ಬಿಲ್ಲಿಗೆ ಅದರಷ್ಟು ಒಳ್ಳೆಯದು ಇಲ್ಲ. ಆದರೆ ನಾವಿದ್ದದ್ದು ನೆಲಮಹಡಿ, ಟ್ಯಾಂಕ್ ಮೂರನೇ ಮಹಡಿಯ ಮೇಲೆ. ಪೈಪಿನಲ್ಲಿ ನಿಂತ ತಣ್ಣೀರು ಹೋಗಲು ದಿನಾ ಅರ್ಧ ಬಕೆಟ್ ಬಿಡಬೇಕಿತ್ತು. ಜುಲೈ, ಆಗಸ್ಟ್ ಮೋಡದಲ್ಲಿ ಬೆಚ್ಚಗೂ ಇರುತ್ತಿರಲಿಲ್ಲ. ಸ್ವಂತ ಮನೆ ಇದ್ದು, ಬಚ್ಚಲು ಮೇಲಿನ ಮಹಡಿಯಲ್ಲೇ ಇದ್ದರೆ ನಾನೂ ಸೋಲಾರನ್ನೇ ಹಾಕಿಸುತ್ತಿದ್ದೆ.

ಗ್ಯಾಸ್ ಗೀಸರ್ ಮಾತ್ರ ನಾನು ಪ್ರಯೋಗ ಮಾಡಲಿಲ್ಲ, ಮಾಡುವುದೂ ಇಲ್ಲ. ಬಕೆಟ್ ಬೇಗ ತುಂಬುತ್ತದೆ, ಒಪ್ಪುತ್ತೇನೆ. ಆದರೆ ಗಾಳಿಯಾಡದ ಬಚ್ಚಲಲ್ಲಿ ಅದು ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಆ ಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬಾರದೇ ಇದ್ದ ಸುದ್ದಿ ಎಷ್ಟು ಸಲ ಓದಿಲ್ಲ ನಾವು! ಈಗಾಗಲೇ ಮನೆಯಲ್ಲಿ ಇದ್ದರೆ ದಯವಿಟ್ಟು ಅದನ್ನು ಬಚ್ಚಲಿನಿಂದ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ. ಐದು ನಿಮಿಷದ ಉಳಿತಾಯಕ್ಕೆ ಆ ಅಪಾಯ ಬೇಡ.

ಕಾಫಿ

ಇಲ್ಲಿ ತೀರ್ಪು ಕೊಟ್ಟವರು ಅತ್ತೆ. ನಾಲ್ಕು ಬಗೆ ಮಾಡಿಕೊಟ್ಟೆ. ಬೆಳಿಗ್ಗೆ ಎದ್ದು ಸ್ಟೀಲ್ ಫಿಲ್ಟರ್‌ಗೆ ಹಾಕಿದ್ದು, ರಾತ್ರಿಯೇ ಹಾಕಿಟ್ಟದ್ದು, ಕರೆಂಟಿನ ಕಾಫಿ ಮೇಕರ್‌ನದ್ದು, ಇನ್‌ಸ್ಟಂಟ್ ಪುಡಿಯದ್ದು. ಇನ್‌ಸ್ಟಂಟನ್ನು ಒಂದೇ ಗುಟುಕಿಗೆ ಕೆಳಗಿಟ್ಟರು. ಮೇಕರ್‌ನದ್ದು ಹತ್ತು ನಿಮಿಷದಲ್ಲಿ ಆಗುತ್ತದೆ, "ನೀರು ನೀರು ಕಣಮ್ಮ" ಅಂದರು. ಅದೂ ಸರಿಯೇ. ನಾವು ತರುವ ಪುಡಿಯಲ್ಲಿ ಚಿಕೋರಿ ಇದೆ. ನೀರನ್ನು ನಿಧಾನವಾಗಿ ಇಳಿಸಿ ಡಿಕಾಕ್ಷನ್ ಗಟ್ಟಿ ಮಾಡುವುದೇ ಅದು. ಆ ಇಪ್ಪತ್ತು ಇಪ್ಪತ್ತೈದು ನಿಮಿಷ ತಪ್ಪಿಸಿದರೆ ರುಚಿಯೂ ತಪ್ಪುತ್ತದೆ.

ಬೆಳಗಿನ ಡಿಕಾಕ್ಷನ್‌ಗೂ ರಾತ್ರಿಯದ್ದಕ್ಕೂ ಘಮದಲ್ಲಿ ಸ್ವಲ್ಪ ವ್ಯತ್ಯಾಸ ಇದೆ. ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೂ ವಾರದ ದಿನಗಳಲ್ಲಿ ರಾತ್ರಿಯದ್ದೇ ಗೆದ್ದಿತು. ಮಲಗುವ ಮುಂಚೆ ಪುಡಿ ಹಾಕಿ, ಮೆತ್ತಗೆ ಒತ್ತಿ, ಕುದಿನೀರು ಸುರಿದು ಮುಚ್ಚಿಟ್ಟರೆ ಮುಗಿಯಿತು. ಬೆಳಿಗ್ಗೆ ಹಾಲು ಕಾಯಿಸುವುದಷ್ಟೇ. ಹೊಸದಾಗಿ ಏನೂ ಕೊಳ್ಳಬೇಕಾಗಿಲ್ಲ. ಭಾನುವಾರ ಮಾತ್ರ ಬೆಳಗಿನ ಫಿಲ್ಟರ್, ಅದು ಅತ್ತೆಯವರ ಷರತ್ತು.

ಹಿಟ್ಟು: ಮಿಕ್ಸಿ, ಗ್ರೈಂಡರ್, ಪ್ಯಾಕೆಟ್

ಜಾಸ್ತಿ ದಿನ ಹಿಡಿದದ್ದು ಈ ಹೋಲಿಕೆಗೆ. ಮನೆಯಲ್ಲಿ ಹಿಟ್ಟು ಇದ್ದರೆ ತಿಂಡಿಯ ಚಿಂತೆ ಇಲ್ಲ. ಇಲ್ಲದಿದ್ದರೆ ದಿನಾ ಈರುಳ್ಳಿ ಹೆಚ್ಚಿ ಉಪ್ಪಿಟ್ಟೋ ಚಿತ್ರಾನ್ನವೋ ಮಾಡಬೇಕು. ಅದರಲ್ಲೇ ಇಪ್ಪತ್ತೈದು ನಿಮಿಷ ಒಲೆ ಮುಂದೆ ಹೋಗುತ್ತದೆ.

ಮೂರು ವಾರ ಮಿಕ್ಸಿಯಲ್ಲಿ ರುಬ್ಬಿದೆ. ಇರುವ ಮಿಕ್ಸಿ ಸಾಕು, ಖರ್ಚಿಲ್ಲ. ಅಕ್ಕಿಗೆ ಚೆನ್ನಾಗಿಯೇ ಆಗುತ್ತದೆ. ತೊಂದರೆ ಉದ್ದಿನಬೇಳೆಯದ್ದು. ಬ್ಲೇಡ್ ಜೋರಾಗಿ ತಿರುಗುವಾಗ ಹಿಟ್ಟು ಬಿಸಿಯಾಗುತ್ತದೆ, ಕಲ್ಲಿನಲ್ಲಿ ರುಬ್ಬಿದ ಹಾಗೆ ಗಾಳಿ ಹಿಡಿದು ಹಗುರಾಗುವುದಿಲ್ಲ. ಫ್ರಿಜ್ಜಿನ ತಣ್ಣೀರು ಹಾಕಿದೆ, ನಿಲ್ಲಿಸಿ ನಿಲ್ಲಿಸಿ ರುಬ್ಬಿದೆ. ದೋಸೆ ಚೆನ್ನಾಗಿ ಬಂತು. ಇಡ್ಲಿ ಮಾತ್ರ ಚಪ್ಪಟೆ. ನಾಲ್ಕು ಜನಕ್ಕೆ ಎರಡು ದಿನದ ಹಿಟ್ಟಿಗೆ ಐದು ಸಲ ಜಾರ್ ತುಂಬಬೇಕು, ಪೂರ್ತಿ ಅರ್ಧ ಗಂಟೆ ಅಲ್ಲೇ ನಿಂತಿರಬೇಕು.

ಆಮೇಲೆ ಮೂರು ವಾರ ಅಂಗಡಿಯ ಹಿಟ್ಟು. ನಮ್ಮ ಬೆಂಗಳೂರಿನಲ್ಲೇ 2005ರಲ್ಲಿ ಐಡಿ ಕಂಪನಿ ಶುರುವಾಗಿ ಪ್ಯಾಕೆಟ್ ಹಿಟ್ಟು ದೊಡ್ಡ ವ್ಯಾಪಾರವೇ ಆಯಿತು. ಈಗ ಎಷ್ಟೋ ಕಂಪನಿಗಳು ಬಂದಿವೆ, ಬೀದಿಯ ಮೂಲೆಯಲ್ಲಿ ರುಬ್ಬಿ ಮಾರುವವರೂ ಇದ್ದಾರೆ. ಕಂಪನಿಯ ಪ್ಯಾಕೆಟ್ಟು, ಮೂಲೆ ಅಂಗಡಿಯ ಹಿಟ್ಟು ಎರಡನ್ನೂ ತಂದು ನೋಡಿದೆ. ತಂದ ದಿನ ಇಡ್ಲಿ ನಿಜಕ್ಕೂ ಮೃದು. ಕಷ್ಟ ಇರುವುದು ಮೂರನೇ ದಿನ. ಫ್ರಿಜ್ಜಿನಲ್ಲಿಟ್ಟರೂ ಹುಳಿಯುವುದು ಪೂರ್ತಿ ನಿಲ್ಲುವುದಿಲ್ಲ, ನಿಧಾನ ಆಗುತ್ತದೆ ಅಷ್ಟೇ. ಅಂಗಡಿಗೆ ಬಂದು ಎಷ್ಟು ದಿನ ಆಗಿದೆಯೋ ಅದರ ಮೇಲೆ ಹುಳಿ. ಒಂದು ವಾರ ಮಗಳು ಡಬ್ಬಿಯ ದೋಸೆಯನ್ನು ಹಾಗೇ ವಾಪಸ್ ತಂದಳು. ಇನ್ನೊಂದು ವಾರ ರಾತ್ರಿ ಒಂಬತ್ತಕ್ಕೆ ಹೋದರೆ ಅಂಗಡಿಯಲ್ಲಿ ಹಿಟ್ಟೇ ಇರಲಿಲ್ಲ. ಪ್ಯಾಕೆಟ್ ಕೊಳ್ಳುವವರು ತಯಾರಿಸಿದ ದಿನ ನೋಡಿ, ಉಬ್ಬಿದ ಪ್ಯಾಕೆಟ್ಟನ್ನು ಬಿಟ್ಟು ತಳ ಚಪ್ಪಟೆ ಇರುವುದನ್ನೇ ತನ್ನಿ.

ಕೊನೆಗೆ ಎರಡು ಲೀಟರಿನ ಟೇಬಲ್‌ಟಾಪ್ ಗ್ರೈಂಡರ್ ತಂದೆವು, ಕೊಯಮತ್ತೂರಿನದ್ದು. ಆ ಊರಿನ ವೆಟ್ ಗ್ರೈಂಡರ್‌ಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ, ಮೈಸೂರು ರೇಷ್ಮೆಗೆ ಇರುವ ಹಾಗೆ. ಒಂದು ಅಳತೆ ಉದ್ದು, ಮೂರು ಅಳತೆ ಇಡ್ಲಿ ಅಕ್ಕಿ, ಒಂದು ಚಮಚ ಮೆಂತ್ಯ. ಉದ್ದಿಗೆ 25 ನಿಮಿಷ, ಅಕ್ಕಿಗೆ 20 ನಿಮಿಷ. ಅಷ್ಟು ಹೊತ್ತಾ ಅಂತ ಗಾಬರಿ ಬೇಡ. ಅದು ತಿರುಗುತ್ತಿರುವಾಗ ನಾನು ಬಟ್ಟೆ ಮಡಿಸುತ್ತೇನೆ, ನಡುವೆ ಎರಡು ಸಲ ಬಂದು ನೀರು ಚಿಮುಕಿಸುತ್ತೇನೆ. ನಿಜವಾಗಿ ನಿಲ್ಲುವುದು ತೊಳೆಯುವಾಗ. ಕಲ್ಲು ಎತ್ತಿ, ಸಂದಿಗಳಲ್ಲಿ ಸೇರಿದ ಹಿಟ್ಟು ತೆಗೆಯಲು ಹತ್ತು ನಿಮಿಷ. ಸೊಂಟ ನೋವಿರುವವರು ಅಂಗಡಿಯಲ್ಲೇ ಆ ಕಲ್ಲನ್ನು ಒಮ್ಮೆ ಕೈಯಲ್ಲಿ ಎತ್ತಿ ನೋಡಿ, ಆಮೇಲೆ ದುಡ್ಡು ಕೊಡಿ.

ಶನಿವಾರ ಸಂಜೆ ರುಬ್ಬುತ್ತೇನೆ, ಭಾನುವಾರ ಬೆಳಿಗ್ಗೆ ಉಬ್ಬಿದ ಹಿಟ್ಟು ಫ್ರಿಜ್ಜಿಗೆ. ಸೋಮವಾರ ಇಡ್ಲಿ, ಮಂಗಳವಾರ, ಬುಧವಾರ ದೋಸೆ. ಗುರುವಾರದ ಹೊತ್ತಿಗೆ ಸ್ವಲ್ಪ ಹುಳಿ ಬಂದಿರುತ್ತದೆ, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಹಾಕಿ ಪಡ್ಡು. ಪಡ್ಡಿಗೆ ಆ ಹುಳಿಯೇ ಚೆಂದ. ಶುಕ್ರವಾರ ಅವಲಕ್ಕಿ. ಮನೆಯ ಹಿಟ್ಟಿಗೆ ಬೀಳುವ ಖರ್ಚು ಪ್ಯಾಕೆಟ್ಟಿನ ಅರ್ಧಕ್ಕಿಂತ ಸ್ವಲ್ಪ ಕಡಿಮೆ, ಇದು ನನ್ನ ಲೆಕ್ಕ.

ಡಿಸೆಂಬರ್‌ನಲ್ಲಿ ಮಾತ್ರ ಗ್ರೈಂಡರ್ ಇದ್ದರೂ ಸಾಲದು. ರಾತ್ರಿ ಛಳಿ 15, 16 ಡಿಗ್ರಿಗೆ ಇಳಿದರೆ ಹಿಟ್ಟು ಬೆಳಗಿನವರೆಗೂ ಅಲ್ಲಾಡುವುದಿಲ್ಲ. ಕಂಬಳಿ ಸುತ್ತಿಟ್ಟು ನೋಡಿದೆ, ಅಷ್ಟೇನೂ ಪ್ರಯೋಜನ ಆಗಲಿಲ್ಲ. ಓವನ್ ಒಳಗೆ ಇಟ್ಟು ಬರೀ ಒಳಗಿನ ದೀಪ ಹಾಕಿಟ್ಟದ್ದು ಚೆನ್ನಾಗಿ ಕೆಲಸ ಮಾಡಿತು. ಓವನ್ ಇಲ್ಲದವರಿಗೆ ಆ ತಿಂಗಳು ರವೆ ಇಡ್ಲಿ ಒಳ್ಳೆಯದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಎಂಟಿಆರ್‌ನವರು ಮಾಡಿದ ತಿಂಡಿ ಅಂತ ಹೇಳುತ್ತಾರೆ. ಹುದುಗುವ ಕಾಟವೇ ಇಲ್ಲ. ಒಗ್ಗರಣೆ ಹಾಕಿ ಹುರಿದ ರವೆಯನ್ನು ಡಬ್ಬಿಯಲ್ಲಿ ಇಟ್ಟಿರುತ್ತೇನೆ, ಬೆಳಿಗ್ಗೆ ಮೊಸರು ಕಲಸುವುದಷ್ಟೇ ಕೆಲಸ.

ಕಾಯಿ ತುರಿ

ದಿನಾ ಕಾಯಿ ಒಡೆದು ತುರಿಯಲು ನನಗೆ ಒಂಬತ್ತು ನಿಮಿಷ. ಚಟ್ನಿಗೂ ಬೇಕು, ಪಲ್ಯಕ್ಕೂ ಬೇಕು, ಬಿಡುವ ಹಾಗಿಲ್ಲ. ಅಂಗಡಿಯ ಒಣ ತುರಿ ತಂದೆ, ಪಲ್ಯಕ್ಕೆ ಹೇಗೋ ನಡೆಯಿತು, ಚಟ್ನಿಯಲ್ಲಿ ಹಾಲೇ ಇಲ್ಲದ ಹಾಗೆ ಆಯಿತು. ಈಗ ಭಾನುವಾರ ಮೂರು ಕಾಯಿ ಒಡೆದು, ಹೋಳುಗಳನ್ನು ಒಂದು ರಾತ್ರಿ ಫ್ರೀಜರ್‌ನಲ್ಲಿ ಇಡುತ್ತೇನೆ. ಹೊರಗೆ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಚಾಕು ತೂರಿಸಿದರೆ ಕಾಯಿ ಚಿಪ್ಪಿನಿಂದ ಇಡಿಯಾಗಿ ಬಿಡುತ್ತದೆ. ತುರಿಮಣೆಯೇ ಬೇಡ, ಹೋಳು ಮಾಡಿ ಮಿಕ್ಸಿಯಲ್ಲಿ ಒಂದು ಸುತ್ತು. ಜಿಪ್ ಕವರಿನಲ್ಲಿ ತೆಳ್ಳಗೆ ಹರಡಿ ಫ್ರೀಜರ್‌ಗೆ ಹಾಕಿದರೆ ಬೇಕಾದಷ್ಟು ಮುರಿದುಕೊಳ್ಳಬಹುದು. ಗುಡ್ಡೆ ಮಾಡಿ ಇಟ್ಟರೆ ಕಲ್ಲಾಗುತ್ತದೆ. ಚಟ್ನಿಗೆ ಬಿಸಿನೀರು ಹಾಕಿ ರುಬ್ಬಿ. ತಾಜಾ ಕಾಯಿಗೆ ತೀರಾ ಹತ್ತಿರ ಬರುತ್ತದೆ.

ಕುಕ್ಕರ್

ಡಬ್ಬಿಗೆ ಅನ್ನ, ಬೇಳೆ ಬೇಯಬೇಕು. ಕರೆಂಟಿನ ರೈಸ್ ಕುಕ್ಕರ್‌ನಲ್ಲಿ ಅನ್ನ ಸೊಗಸು, ನೋಡಬೇಕಾಗಿಯೇ ಇಲ್ಲ. ಬೇಳೆ ಮಾತ್ರ ಬೇಯುವುದಿಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಪ್ರೆಶರ್ ಕುಕ್ಕರ್‌ನಲ್ಲಿ ಅದು 120ರ ಹತ್ತಿರ ಹೋಗುತ್ತದೆ. ತಂಗಿಯ ಕರೆಂಟಿನ ಪ್ರೆಶರ್ ಕುಕ್ಕರನ್ನು ಎರಡು ವಾರ ತಂದು ನೋಡಿದೆ. ವಿಷಲ್ ಎಣಿಸುವ ಕೆಲಸ ಇಲ್ಲ, ತಾನೇ ಆಫ್ ಆಗುತ್ತದೆ, ಚೆನ್ನಾಗಿದೆ. ಆದರೆ ಪ್ರೆಶರ್ ಬರಲು, ಇಳಿಯಲು ಎರಡಕ್ಕೂ ಹೊತ್ತು ಬೇಕು, ಕಟ್ಟೆಯ ಮೇಲೆ ಜಾಗವೂ ಬೇಕು. ನಾನು ಹಳೆಯ ಕುಕ್ಕರ್‌ನಲ್ಲೇ ಉಳಿದೆ. ಕೆಳಗಿನ ಪಾತ್ರೆಯಲ್ಲಿ ಬೇಳೆ, ನಡುವೆ ತರಕಾರಿ, ಮೇಲೆ ಅನ್ನ, ಮೂರು ವಿಷಲ್.

ಬೇಗ ಏಳುವುದೋ, ರಾತ್ರಿ ಮುಗಿಸುವುದೋ

ಎರಡು ವಾರ ಐದಕ್ಕೆ ಎದ್ದು ನೋಡಿದೆ. ಎಲ್ಲ ಕೆಲಸವೂ ಆಯಿತು, ಆದರೆ ಮಧ್ಯಾಹ್ನ ಮೀಟಿಂಗಿನಲ್ಲಿ ಕಣ್ಣು ಬಿಡಲು ಆಗುತ್ತಿರಲಿಲ್ಲ. ಈಗ ಆರಕ್ಕೇ ಏಳುತ್ತೇನೆ. ರಾತ್ರಿ ಊಟವಾದ ಮೇಲೆ ಇಪ್ಪತ್ತು ನಿಮಿಷ ಮನೆಯವರೆಲ್ಲ ಸೇರಿ ನಾಳೆಯ ಕೆಲಸ ಮಾಡುತ್ತೇವೆ. ಅತ್ತೆ ಟಿವಿ ಮುಂದೆ ಕೂತು ಹುರುಳಿಕಾಯಿ ಬಿಡಿಸುತ್ತಾರೆ. ಯಜಮಾನರು ಬೇಳೆ, ಅಕ್ಕಿ ಅಳೆದಿಡುತ್ತಾರೆ. ಮಗಳು ಬ್ಯಾಗು, ಸಾಕ್ಸು, ಬೆಲ್ಟು, ನೀರಿನ ಬಾಟಲಿ ಬಾಗಿಲ ಹತ್ತಿರ ಇಡುತ್ತಾಳೆ. ಫಿಲ್ಟರ್ ನನ್ನದು. ಹಗ್ಗ ಎಳೆಯುವ ಚಾಪರ್ ಒಂದು ತಂದಿದ್ದೆ, ತರಕಾರಿ ರಾತ್ರಿಯೇ ಮುಗಿಯುವುದರಿಂದ ಅದನ್ನು ಯಾರೂ ಮುಟ್ಟುವುದಿಲ್ಲ.

ಹೋದ ತಿಂಗಳು ಒಂದು ಮಂಗಳವಾರ ಆರು ಗಂಟೆಗೆ ಸರಿಯಾಗಿ ಕರೆಂಟ್ ಹೋಯಿತು, ಎಂಟರವರೆಗೂ ಬರಲಿಲ್ಲ. ಗೀಸರ್ ಟ್ಯಾಂಕ್ 5.20ರಿಂದಲೇ ಕಾದಿತ್ತು, ಮೂರು ಬಕೆಟ್ ಬಿಸಿನೀರು ಸಿಕ್ಕಿತು. ನಾಲ್ಕನೆಯ ಬಕೆಟ್ಟಿಗೆ ಗ್ಯಾಸ್ ಮೇಲೆ ನೀರು ಕಾಯಿಸಿದೆವು. ಡಿಕಾಕ್ಷನ್ ರಾತ್ರಿಯೇ ಇಳಿದಿತ್ತು. ಹಿಟ್ಟು ಫ್ರಿಜ್ಜಿನಲ್ಲಿತ್ತು. ಕುಕ್ಕರ್ ಗ್ಯಾಸಿನ ಮೇಲೆ ಕೂಗಿತು. ಕಾಯಿ ತುರಿ ಇತ್ತು, ರುಬ್ಬಲು ಮಿಕ್ಸಿ ಇರಲಿಲ್ಲ, ಹಾಗಾಗಿ ದೋಸೆಗೆ ಚಟ್ನಿಪುಡಿ, ತುಪ್ಪ. ಮೊಬೈಲ್ ಟಾರ್ಚನ್ನು ಒಲೆಯ ಪಕ್ಕ ನಿಲ್ಲಿಸಿಕೊಂಡು ಹುಯ್ದೆ. 7.40ಕ್ಕೆ ವ್ಯಾನ್ ಹಾರ್ನ್ ಹಾಕಿದಾಗ ಮಗಳು ಆಗಲೇ ಶೂ ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದಳು. ನಾನು ಅತ್ತೆಯ ಪಕ್ಕ ಕೂತು ಎರಡನೇ ದೋಸೆ ತಿನ್ನುತ್ತಿದ್ದೆ.