ಪೈಪಿನ ಡೇಟಾ ಓದಲು: ಡ್ಯಾಶಾ, /ಡೆವ್/ಸ್ಟಡ್‌ಇನ್ನಾ?

ಕಲಬುರಗಿಯ ತೊಗರಿ ಅಂಗಡಿಯೊಂದರ ದರಪಟ್ಟಿ ಕೂಡಿಸುವ ಸ್ಕ್ರಿಪ್ಟ್ ಬೇಕು ಅನ್ನಿ. ಅಂಗಡಿಯಲ್ಲಿ ಲಿನಕ್ಸ್, ಮನೆಯಲ್ಲಿ ಮ್ಯಾಕ್. ಒಂದು ಪ್ರೋಗ್ರಾಮಿನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಹರಿಸುವುದೇ ಪೈಪ್. ಹಾಗೆ ಬಂದ ಡೇಟಾ ಓದು ಅಂತ ಹೇಳಲು ಫೈಲ್ ಹೆಸರಿನ ಜಾಗದಲ್ಲಿ ಡ್ಯಾಶ್ (-) ಇಲ್ಲವೇ /ಡೆವ್/ಸ್ಟಡ್‌ಇನ್ (/dev/stdin) ಬರೆಯಬಹುದು.

/ಡೆವ್/ಸ್ಟಡ್‌ಇನ್ ಅನ್ನು ಫೈಲ್ ಹೆಸರನ್ನೇ ಕೇಳುವ ಪ್ರೋಗ್ರಾಮಿಗೂ ಕೊಡಬಹುದು. ಆದರೆ ಯುನಿಕ್ಸ್ ಮಾದರಿ ಸಿಸ್ಟಮ್‌ಗಳ ಮಾನದಂಡವಾದ ಪೋಸಿಕ್ಸ್ ಅದನ್ನು ಕಡ್ಡಾಯ ಮಾಡಿಲ್ಲ. ಲಿನಕ್ಸಿನಲ್ಲಿ ಅದು ಕರ್ನಲ್ ಮಾಹಿತಿ ತೋರಿಸುವ /ಪ್ರಾಕ್ (/proc) ಡೈರೆಕ್ಟರಿ ಕಡೆಗಿನ ಕೊಂಡಿ. /ಪ್ರಾಕ್ ಮೌಂಟ್ ಆಗದ (ಸಿಸ್ಟಮ್‌ಗೆ ಜೋಡಿಸದ) ಕಡೆ ಕೈ ಕೊಡುತ್ತದೆ. ಇನ್ನೊಂದು ತಂಟೆ ಇದೆ. ಪೈಪಿನ ಬದಲು '<' ಹಾಕಿ ಫೈಲನ್ನೇ ಒಳಗೆ ಬಿಟ್ಟರೆ ಲಿನಕ್ಸ್ ಅದನ್ನು ಹೊಸದಾಗಿ ತೆರೆದು ಮೊದಲಿಂದ ಓದುತ್ತದೆ, ಮ್ಯಾಕ್ ಓದು ನಿಂತಲ್ಲಿಂದ ಮುಂದುವರಿಯುತ್ತದೆ. ಸ್ಕ್ರಿಪ್ಟ್ ಮೊದಲೇ ಓದಿ ದಾಟಿದ ಶೀರ್ಷಿಕೆ ಸಾಲು ಅಂಗಡಿಯಲ್ಲಿ ಮಾತ್ರ ಮತ್ತೆ ಹಾಜರ್!

ಡ್ಯಾಶ್ ಅಂದರೇನು ಅಂತ ಕ್ಯಾಟ್ (cat), ಸಾರ್ಟ್ (sort) ಕಮಾಂಡ್‌ಗಳಿಗೆ ಗೊತ್ತು, ಪೋಸಿಕ್ಸೇ ಹೇಳಿದೆ. ಕೆಲವು ಪ್ರೋಗ್ರಾಮುಗಳು ಮಾತ್ರ '-' ಅನ್ನೋ ಫೈಲನ್ನೇ ಹುಡುಕುತ್ತವೆ.

ನಾನಾದರೆ ಫೈಲ್ ಹೆಸರೇ ಕೊಡದೆ ಸುಮ್ನೆ ಪೈಪ್ ಮಾಡುತ್ತೇನೆ. ಆಗದಿದ್ದರೆ ಡ್ಯಾಶ್. /ಡೆವ್/ಸ್ಟಡ್‌ಇನ್ ಕೊನೆಗೆ.